ಸೋರ್ಸ್ ಕೊಡಿ: ಸ್ಟೋರೇಜ್ ಡ್ರೈವರ್ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸ್ಟೋರೇಜ್ ಕಂಪನಿಗಳಲ್ಲಿ ಮೇನ್‌ಫ್ರೇಮ್‌ಗಾಗಿ ಡ್ರೈವರ್ ಬರೆಯುತ್ತಿರುವ ಎಂಜಿನಿಯರ್ ಮಿತ್ರರೇ,



ನಿಮ್ಮಲ್ಲಿ ಬಹುಪಾಲು ಜನ ನನ್ನ ಮುಖ ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ಆದರೂ ನಿಮ್ಮ ಕೈಬರಹದ ಪರಿಚಯ ನನಗಿದೆ. ಇಪ್ಪತ್ತೇಳು ವರ್ಷ ನಾನು ಮೇನ್‌ಫ್ರೇಮ್ ಸಿಸ್ಟಮ್ಸ್ ಪ್ರೋಗ್ರಾಮರ್ ಆಗಿದ್ದೆ. ಈ ಊರಿನಲ್ಲಿ ಕೂತು ಸಮುದ್ರದಾಚೆಯ ಬ್ಯಾಂಕು, ವಿಮಾ ಕಂಪನಿಗಳ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಅಲ್ಲಿಯ ಹಗಲು ನನ್ನ ರಾತ್ರಿ. ನೀವು ಬರೆದ ಡ್ರೈವರುಗಳನ್ನು ಆ ರಾತ್ರಿಗಳಲ್ಲಿ ಓಡಿಸಿದವನು, ಅವು ನಿಂತಾಗ ಎದ್ದು ಕೂತವನು ನಾನು. ನಿವೃತ್ತನಾಗಿ ಎರಡು ವರ್ಷವಾಯಿತು. ಕೆಲಸದಲ್ಲಿದ್ದಾಗ ಹೇಳಲಾಗದೆ ಉಳಿದುಹೋದ ಒಂದು ಮಾತಿದೆ, ಅದಕ್ಕಾಗಿ ಈ ಪತ್ರ.

ಮೇನ್‌ಫ್ರೇಮ್ ಮೇಲಿನ ಲಿನಕ್ಸಿಗೆ ನೀವು ಬರೆಯುವ ಡ್ರೈವರನ್ನು ದಯವಿಟ್ಟು ಸೋರ್ಸ್ ಸಮೇತ ಕೊಡಿ. ಬರೀ ಬೈನರಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ನನ್ನ ಕೋರಿಕೆ ಇಷ್ಟೇ. ಯಾಕೆ ಇಷ್ಟು ಒತ್ತಿ ಕೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಲು ಬಿಡಿ.

ಈ ಪತ್ರವನ್ನು ನಿಮ್ಮ ಜೊತೆಗೆ ನಿಮ್ಮ ಮನೆಯವರೂ ಓದಬಹುದು, ಅವರಿಗಾಗಿ ಎರಡು ಸಾಲು. ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಮ್‌ಗೂ ಡಿಸ್ಕ್ ಅಥವಾ ಟೇಪಿನ ಪೆಟ್ಟಿಗೆಗೂ ನಡುವೆ ನಿಂತ ದುಭಾಷಿ. ಇದನ್ನು ಓದು, ಅದನ್ನು ಬರೆ ಎಂದು ಈ ಕಡೆಯ ಮಾತನ್ನು ಆ ಕಡೆಗೆ ಮುಟ್ಟಿಸುತ್ತದೆ. ಬರೆಯಲಾಗಲಿಲ್ಲ, ದಾರಿ ಕೆಟ್ಟಿದೆ, ಸ್ವಲ್ಪ ತಡೆ ಎಂದು ಆ ಕಡೆಯ ಮಾತನ್ನು ಈ ಕಡೆಗೆ ತರುತ್ತದೆ. ಸೋರ್ಸ್ ಇದ್ದರೆ ದುಭಾಷಿ ಏನು ಕೇಳಿಸಿಕೊಂಡ, ಏನು ಹೇಳಿದ ಎಂದು ನಾವು ಪರೀಕ್ಷಿಸಬಹುದು. ಬೈನರಿ ಮಾತ್ರ ಇದ್ದರೆ ಅವನು ಹೇಳಿದ್ದನ್ನು ನಂಬಬೇಕು, ಬೇರೆ ದಾರಿಯಿಲ್ಲ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಗ್ರಾಹಕರು ಒಂದು ವಿಮಾ ಕಂಪನಿ. ಮೇನ್‌ಫ್ರೇಮ್ ಒಬ್ಬರದು, ಡಿಸ್ಕಿನ ಪೆಟ್ಟಿಗೆ ಇನ್ನೊಬ್ಬರದು. ಮೇಲೆ ಲಿನಕ್ಸ್, ಅದರ ಮೇಲೆ ಡೇಟಾಬೇಸ್. ತಿಂಗಳ ಕೊನೆಯ ಪ್ರೀಮಿಯಂ ಲೆಕ್ಕದ ಬ್ಯಾಚ್ ಓಡುತ್ತಿತ್ತು. ಚೆನ್ನಾಗಿ ಓಡುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಡೇಟಾಬೇಸಿನವರು ನಮ್ಮದಲ್ಲ ಎಂದರು. ನೆಟ್‌ವರ್ಕಿನವರು ನಮ್ಮದಂತೂ ಅಲ್ಲವೇ ಅಲ್ಲ ಎಂದರು. ಪೆಟ್ಟಿಗೆಯ ಕಂಪನಿಯವರು ತಮ್ಮ ಕಡೆಯ ಲಾಗ್ ತೆಗೆದು ನೋಡಿ, ಎಲ್ಲ ಸರಿಯಾಗಿದೆ ಎಂದು ಟಿಕೆಟ್ ಮುಚ್ಚಿಬಿಟ್ಟರು.

ಮೂರನೆಯ ರಾತ್ರಿ ನಾನು ಕೈಗಡಿಯಾರ ಬಿಚ್ಚಿ ಕೀಬೋರ್ಡ್ ಪಕ್ಕ ಇಟ್ಟುಕೊಂಡೆ. ನಿಂತಾಗಲೆಲ್ಲ ಎಣಿಸಿದೆ. ಪ್ರತಿ ಸಲವೂ 30 ಸೆಕೆಂಡು. 28 ಅಲ್ಲ, 33 ಅಲ್ಲ. ಯಂತ್ರ ತಾನಾಗಿ ತಡವರಿಸಿದರೆ ಹೀಗೆ ದುಂಡು ಸಂಖ್ಯೆ ಬರುವುದಿಲ್ಲ. ಯಾರೋ ಎಲ್ಲೋ ಈ 30 ಅನ್ನು ಬರೆದಿಟ್ಟಿರಬೇಕು. ಡಿಸ್ಕ್ ಡ್ರೈವರ್‌ನ ಡೀಬಗ್ ದಾಖಲೆ ತೆರೆದೆ. ತೊಂದರೆಯಾದಾಗ ಪೆಟ್ಟಿಗೆ ಕಳಿಸುವ 32 ಬೈಟುಗಳ ಸೆನ್ಸ್ ಡೇಟಾ ಅಲ್ಲಿತ್ತು. ಸೊನ್ನೆಯಿಂದ ಎಣಿಸಿದರೆ 25ನೆಯ ಬೈಟಿನಲ್ಲಿ ಹೆಕ್ಸ್ 1ಡಿ. ಲಿನಕ್ಸಿನ ಡ್ಯಾಸ್ಡಿ ಡ್ರೈವರ್‌ನಲ್ಲಿ ದೋಷ ಬಂದಾಗ ಏನು ಮಾಡಬೇಕೆಂಬುದಕ್ಕೆ ಒಂದು ದೊಡ್ಡ ಫೈಲೇ ಇದೆ, 3990 ಕಂಟ್ರೋಲ್ ಯೂನಿಟ್ಟಿನ ಹೆಸರು ಹೊತ್ತದ್ದು. ಅದನ್ನು ತೆರೆದು 1ಡಿ ಹುಡುಕಿದೆ. ಸಿಕ್ಕಿತು. ಪೆಟ್ಟಿಗೆ ಒಳಗೊಳಗೇ ಏನೋ ಸ್ಥಿತಿ ಬದಲಾಯಿಸಿಕೊಳ್ಳುತ್ತಿದೆ, ಮುಗಿದ ಮೇಲೆ ಒಂದು ಇಂಟರಪ್ಟ್ ಕಳಿಸುತ್ತದೆ, ಅಲ್ಲಿಯವರೆಗೆ ಸರದಿಯನ್ನು ತಡೆದು ನಿಲ್ಲಿಸು ಎಂಬುದು ಅಲ್ಲಿಯ ಏರ್ಪಾಡು. ಇಂಟರಪ್ಟ್ ಬಾರದೇ ಹೋದರೆ ಎಷ್ಟು ಹೊತ್ತು ಕಾಯುವುದು? ಟೈಮರ್‌ಗೆ ಕೊಟ್ಟ ಸಂಖ್ಯೆ 30 ಸೆಕೆಂಡು.

ಅಲ್ಲಿಗೆ ವಿಷಯ ಬಯಲಾಯಿತು. ನಮ್ಮದು ಪ್ರತಿ ಸಲವೂ ಪೂರ್ತಿ ಮೂವತ್ತು ಸೆಕೆಂಡು ನಿಲ್ಲುತ್ತಿದೆ ಎಂದರೆ, ಪೆಟ್ಟಿಗೆ ಕಳಿಸಬೇಕಾದ ಇಂಟರಪ್ಟ್ ಬರುತ್ತಲೇ ಇಲ್ಲ. ಫೈಲಿನ ಹೆಸರು, ಆ ಸಾಲು, ನನ್ನ ಗಡಿಯಾರದ ಲೆಕ್ಕ, ಮೂರನ್ನೂ ಬರೆದು ಪೆಟ್ಟಿಗೆಯ ಕಂಪನಿಗೆ ಕಳಿಸಿದೆ. ಮರುದಿನ ಫೋನ್ ಬಂತು. ಆ ಕಡೆ ಇದ್ದವರು ನಿಮ್ಮಲ್ಲೇ ಒಬ್ಬರು, ಹುಬ್ಬಳ್ಳಿ ಕಡೆಯ ಮಾತು. "ಸರ್, ನೀವು ಕಳಿಸಿದ್ದು ನೋಡೇನ್ರಿ. ಇದು ನಮ್ಮ ಕಡೀದ. ಮೈಕ್ರೋಕೋಡ್‌ನ್ಯಾಗ ಐತಿ. ಸ್ವಲ್ಪ ಟೈಮ್ ಕೊಡ್ರಿ," ಎಂದರು. ಆರು ವಾರದಲ್ಲಿ ಸರಿಯಾದ ಮೈಕ್ರೋಕೋಡ್ ಬಂತು. ಆ ಯುವಕನ ಪ್ರಾಮಾಣಿಕತೆಯನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಒಂದನ್ನು ಗಮನಿಸಿ. ನಾನು ಡ್ರೈವರ್‌ನಲ್ಲಿ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಓದಿದೆ, ಅಷ್ಟೇ. ಸೋರ್ಸ್ ಕೊಟ್ಟರೆ ಗ್ರಾಹಕರು ಕೈಹಾಕಿ ಕೆಡಿಸುತ್ತಾರೆ ಎಂದು ನಿಮ್ಮ ಮೇಲಿನವರು ಹೇಳುತ್ತಾರಂತೆ. ಬ್ಯಾಂಕಿನ ಯಂತ್ರದಲ್ಲಿ ಕರ್ನಲ್‌ಗೆ ಕೈಹಾಕುವ ಧೈರ್ಯ ಯಾರಿಗಿದೆ? ನಮಗೆ ಬೇಕಾದದ್ದು ರಾತ್ರಿ ಮೂರು ಗಂಟೆಯಲ್ಲಿ ತೆರೆದು ಓದಲು ಒಂದು ಫೈಲ್.

ಈಗ ಇನ್ನೊಂದು. ಬೇರೆ ಗ್ರಾಹಕರು, ಬೇರೆ ಪೆಟ್ಟಿಗೆ. ವರ್ಚುವಲ್ ಟೇಪ್: ಯಂತ್ರದ ಕಣ್ಣಿಗೆ ಟೇಪ್, ಒಳಗೆ ಇರುವುದು ಡಿಸ್ಕ್. ಅದರ ಲಿನಕ್ಸ್ ಡ್ರೈವರ್ ಬೈನರಿ ಮಾತ್ರ, ಅದೂ ಗೊತ್ತಾದ ಎರಡೇ ಎರಡು ಕರ್ನಲ್ ಆವೃತ್ತಿಗಳಿಗೆ. ಹಾಕಿದ ವರ್ಷ ತಕರಾರಿರಲಿಲ್ಲ. ಎರಡನೆಯ ವರ್ಷ ಕರ್ನಲ್‌ನಲ್ಲಿ ಭದ್ರತೆಯ ಒಂದು ತೂತು ಹೊರಬಿತ್ತು, ಅದನ್ನು ಮುಚ್ಚುವ ಅಪ್‌ಡೇಟ್ ಬಂತು. ಪರೀಕ್ಷೆಯ ಯಂತ್ರದಲ್ಲಿ ಹಾಕಿ ನೋಡಿದೆವು. ಮಾಡ್ಯೂಲ್ ಲೋಡ್ ಆಗಲಿಲ್ಲ. ಸಿಂಬಲ್‌ಗಳ ಆವೃತ್ತಿ ಹೊಂದುತ್ತಿಲ್ಲ ಎಂದಿತು. ಅಪ್‌ಡೇಟ್ ಹಾಕಿದರೆ ಬ್ಯಾಕಪ್ ಇಲ್ಲ. ಬ್ಯಾಕಪ್ ಬೇಕೆಂದರೆ ತೂತು ತೆರೆದೇ ಇರಬೇಕು. ಹೊಸ ಮಾಡ್ಯೂಲ್ ಕೊಡಿ ಎಂದು ಕಂಪನಿಗೆ ಬರೆದೆವು. ಹನ್ನೊಂದು ವಾರ ಕಾದೆವು. ಆ ಹನ್ನೊಂದು ವಾರ ನಾನು ಪ್ರತಿ ಸೋಮವಾರ ಗ್ರಾಹಕರ ಭದ್ರತಾ ವಿಭಾಗಕ್ಕೆ ಇನ್ನೂ ಬಂದಿಲ್ಲ ಎಂಬ ಒಂದೇ ಉತ್ತರ ಬರೆದಿದ್ದೇನೆ. ಸೋರ್ಸ್ ಇದ್ದಿದ್ದರೆ ಹೊಸ ಕರ್ನಲ್‌ಗೆ ಮತ್ತೆ ಕಂಪೈಲ್ ಮಾಡುವುದು ಹೆಚ್ಚೆಂದರೆ ಒಂದು ಮಧ್ಯಾಹ್ನದ ಕೆಲಸ.

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ವರ್ಷದ ಮೇಲೆ ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಕೊಂಡವರಿಗೆ ಈ ಪೆಟ್ಟಿಗೆ ಬೇಕಿರಲಿಲ್ಲ. ಇಷ್ಟನೇ ತಾರೀಖಿನ ನಂತರ ಸಪೋರ್ಟ್ ಇಲ್ಲ ಎಂದು ಒಂದು ಮೇಲ್ ಬಂತು. ಡ್ರೈವರ್ ಬರೆದ ತಂಡ ಚದುರಿಹೋಗಿತ್ತು. ಪೆಟ್ಟಿಗೆಯಲ್ಲಿ ಒಂಬತ್ತು ವರ್ಷದ ಬ್ಯಾಕಪ್ ಇತ್ತು. ಕಾನೂನಿನ ಪ್ರಕಾರ ಅದನ್ನು ಇಟ್ಟುಕೊಳ್ಳಲೇಬೇಕು. ಕೊನೆಗೆ ಝಡ್‌ವಿಎಂ ಮೇಲೆ ಒಂದು ಲಿನಕ್ಸ್ ಗೆಸ್ಟನ್ನು ಆ ಹಳೆಯ ಕರ್ನಲ್‌ನಲ್ಲೇ ಉಳಿಸಿ, ನೆಟ್‌ವರ್ಕಿನಿಂದ ಬೇರ್ಪಡಿಸಿ, ಅದರ ಮೂಲಕ ಒಂದೊಂದೇ ವಾಲ್ಯೂಮ್ ಹೊರಗೆ ನಕಲು ಮಾಡಿದೆವು. ನಮ್ಮ ಹುಡುಗರು ಆ ಗೆಸ್ಟ್‌ಗೆ 'ಅಜ್ಜ' ಎಂದು ಹೆಸರಿಟ್ಟಿದ್ದರು. ಏಳು ತಿಂಗಳು ಅಜ್ಜನ ಆರೈಕೆ ಮಾಡಿದೆವು. ಅಪ್‌ಡೇಟ್ ಇಲ್ಲ, ರೀಬೂಟ್ ಮಾಡಲೂ ಭಯ. ಇದರ ನಡುವೆ ಒಂದು ಸಲ ಕರ್ನಲ್ ಬಿದ್ದಾಗ ಲಿನಕ್ಸ್ ಸಪೋರ್ಟಿನವರಿಗೆ ಡಂಪ್ ಕಳಿಸಿದೆವು. ಕರ್ನಲ್ ಟೇಂಟ್ ಆಗಿದೆ, ಆ ಮಾಡ್ಯೂಲ್ ತೆಗೆದು ಮತ್ತೆ ಬೀಳಿಸಿ ತೋರಿಸಿ ಎಂಬ ಉತ್ತರ ಬಂತು. ಅವರನ್ನು ದೂರಲಾರೆ. ಕಣ್ಣಿಗೆ ಕಾಣದ ಕೋಡು ಅದೇ ಮೆಮೊರಿಯಲ್ಲಿ ಓಡುತ್ತಿರುವಾಗ ಅವರಾದರೂ ಯಾವುದಕ್ಕೆ ಜವಾಬು ಹೇಳಿಯಾರು?

ವಿಮೆಯ ಪಾಲಿಸಿ ಮೂವತ್ತು ವರ್ಷದ್ದು. ಮನೆ ಸಾಲ ಇಪ್ಪತ್ತು ವರ್ಷದ್ದು. ಕರ್ನಲ್ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸದಾಗುತ್ತದೆ. ಕಂಪನಿಯ ಆಯುಷ್ಯ ಯಾರಿಗೂ ಗೊತ್ತಿಲ್ಲ. ನೀವು ಬರೆಯುವ ಡ್ರೈವರ್ ಇವೆಲ್ಲದರ ನಡುವೆ ಸಿಕ್ಕಿಕೊಂಡಿದೆ. ಕಂಪನಿ ಹೋದರೂ ಗ್ರಾಹಕರ ಡೇಟಾ ಓದುವ ದಾರಿ ಉಳಿಯಬೇಕಾದರೆ ಆ ದಾರಿ ಸೋರ್ಸ್ ರೂಪದಲ್ಲಿ ಹೊರಗಿರಬೇಕು.

ಈ ಜಗಳ ಲಿನಕ್ಸಿನಿಂದ ಶುರುವಾದದ್ದಲ್ಲ. 1972ರಲ್ಲಿ ಐಬಿಎಂ ವಿಎಂ/370 ಹೊರತಂದಾಗ ಅದರ ಸೋರ್ಸ್ ಗ್ರಾಹಕರ ಕೈಗೂ ಬಂತು. ವಿಶ್ವವಿದ್ಯಾಲಯಗಳ, ಕಂಪನಿಗಳ ಸಿಸ್ಟಮ್ಸ್ ಪ್ರೋಗ್ರಾಮರುಗಳು ಅದನ್ನು ಓದಿ, ತಪ್ಪು ಹುಡುಕಿ, ತಿದ್ದಿ, ತಿದ್ದಿದ್ದನ್ನು ಟೇಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಟ್ಟರು. 1955ರಲ್ಲಿ ಹುಟ್ಟಿದ ಶೇರ್ ಎಂಬ ಬಳಕೆದಾರರ ಸಂಘದ ಸಭೆಗಳಲ್ಲಿ ಅದೇ ಮಾತುಕತೆ. 1983ರ ಫೆಬ್ರವರಿಯಲ್ಲಿ ಐಬಿಎಂ ಇನ್ನು ಮೇಲೆ ಆಬ್ಜೆಕ್ಟ್ ಕೋಡ್ ಮಾತ್ರ ಎಂಬ ನೀತಿ ಪ್ರಕಟಿಸಿತು. ಓಸಿಓ ಎಂದು ಎಲ್ಲರ ಬಾಯಲ್ಲಿ ಉಳಿದದ್ದು ಅದೇ. ವಿಎಂ ಬಳಗ ವರ್ಷಗಟ್ಟಲೆ ಪ್ರತಿಭಟಿಸಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೆಲಿಂಡಾ ವೇರಿಯನ್ ಬರೆದ ವಿಎಂ ಇತಿಹಾಸ ಓದಿದರೆ ಆ ನೋವು ಎಷ್ಟು ಆಳದ್ದೆಂದು ತಿಳಿಯುತ್ತದೆ. ಅದೇ 1983ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದರು. ಅವರ ಅಸಮಾಧಾನಕ್ಕೂ ಒಂದು ಡ್ರೈವರೇ ಕಾರಣ: ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಝೆರಾಕ್ಸ್ ಲೇಸರ್ ಪ್ರಿಂಟರ್‌ನ ಸೋರ್ಸ್ ಅವರಿಗೆ ಸಿಗಲಿಲ್ಲ. ಒಂದು ಬಾಗಿಲು ಮುಚ್ಚಿದ ವರ್ಷವೇ ಇನ್ನೊಂದು ತೆರೆಯಿತು. ನೀವು ಈಗ ಕೆಲಸ ಮಾಡುತ್ತಿರುವ ಲಿನಕ್ಸ್ ಆ ಎರಡನೆಯ ಬಾಗಿಲಿನಿಂದ ಬಂದದ್ದು.

ಐಬಿಎಂಗೆ ಇದ್ದ ಭಯ ಸುಳ್ಳಲ್ಲ, ಅದನ್ನೂ ಹೇಳಬೇಕು. ಅದರ ಹಿಂದಿನ ವರ್ಷ, 1982ರ ಜೂನ್‌ನಲ್ಲಿ, ಐಬಿಎಂನ ಗುಟ್ಟುಗಳನ್ನು ಕೊಳ್ಳಲು ಹೊರಟ ಆರೋಪದ ಮೇಲೆ ಎಫ್‌ಬಿಐ ಹಿಟಾಚಿಯ ನೌಕರರನ್ನು ಬಂಧಿಸಿತ್ತು. ಕದಿಯುವವರು ಇದ್ದಾರೆ, ನಿಜ. ಆದರೆ ಗುಟ್ಟು ಎಲ್ಲಿದೆ? ಯಾವ ಟ್ರ್ಯಾಕನ್ನು ಕ್ಯಾಶ್‌ನಲ್ಲಿ ಇಡಬೇಕು, ಯಾವುದನ್ನು ಬಿಡಬೇಕು, ಡಿಸ್ಕ್ ಕೆಟ್ಟಾಗ ಡೇಟಾ ಹೇಗೆ ಮರಳಿ ಕಟ್ಟಬೇಕು, ಡೇಟಾ ಕುಗ್ಗಿಸುವುದು, ನಕಲು ಮಾಡುವುದು, ಇವೆಲ್ಲ ಪೆಟ್ಟಿಗೆಯ ಒಳಗಿನ ಮೈಕ್ರೋಕೋಡ್‌ನಲ್ಲಿವೆ. ಅದನ್ನು ಕೊಡಿ ಎಂದು ನಾನು ಕೇಳುತ್ತಿಲ್ಲ. ಡ್ರೈವರ್‌ನಲ್ಲಿರುವುದು ಕಮಾಂಡಿನ ಸಂಖ್ಯೆ, ಸೆನ್ಸ್ ಬೈಟಿನ ಅರ್ಥ, ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕೆಂಬ ಲೆಕ್ಕ. ಬಾಗಿಲ ಚಿಲಕ ಎತ್ತುವ ಬಗೆ ಹೇಳಿಕೊಟ್ಟರೆ ತಿಜೋರಿ ತೆರೆದುಕೊಳ್ಳುವುದಿಲ್ಲ. ನಿಜವಾದ ಗುಟ್ಟೇನಾದರೂ ಡ್ರೈವರ್‌ನಲ್ಲಿ ಬಂದು ಕೂತಿದ್ದರೆ, ವಿನ್ಯಾಸದಲ್ಲಿ ಅದರ ಜಾಗ ತಪ್ಪಿದೆ ಎಂದು ಅರ್ಥ. ಅದನ್ನು ಒಳಗೆ ಸರಿಸಿ.

ಯಂತ್ರದೊಡನೆ ಮಾತಾಡುವ ಬಗೆಯನ್ನು ತೆರೆದಿಡುವುದು ಮೇನ್‌ಫ್ರೇಮ್ ಲೋಕಕ್ಕೆ ಹೊಸ ಪಾಠವೇನಲ್ಲ. 1964ರ ಸಿಸ್ಟಮ್/360 ಕಾಲದಿಂದಲೂ ಚಾನೆಲ್‌ಗಳ ಕೆಲಸ ಹೇಗೆ ಎಂಬುದು ಪ್ರಿನ್ಸಿಪಲ್ಸ್ ಆಫ್ ಆಪರೇಷನ್ ಎಂಬ ಕೈಪಿಡಿಯಲ್ಲಿ ಅಚ್ಚಾಗುತ್ತ ಬಂದಿದೆ. ಡಿಸ್ಕ್ ಕಂಟ್ರೋಲ್ ಯೂನಿಟ್ಟಿಗೂ ಕೈಪಿಡಿ ಇತ್ತು. ನಾನು ಹೇಳಿದ ಆ ದೋಷ ನಿವಾರಣೆಯ ಫೈಲಿನಲ್ಲೇ ಒಂದು ಟಿಪ್ಪಣಿ ಇದೆ: ಬೇರೆ ಚಾನೆಲ್ ದಾರಿಯಲ್ಲಿ ಮತ್ತೆ ಪ್ರಯತ್ನಿಸು, ಎಲ್ಲ ದಾರಿಯೂ ಮುಗಿದರೆ ಮಾತ್ರ ಶಾಶ್ವತ ದೋಷವೆಂದು ಒಪ್ಪಿಕೋ, ವಿವರಕ್ಕೆ ಕೈಪಿಡಿ ನೋಡು ಎಂಬ ಅರ್ಥದ್ದು. ಕೈಪಿಡಿ ಬಹಿರಂಗವಾಗಿದ್ದರಿಂದಲೇ ಇತರ ಕಂಪನಿಗಳೂ ಈ ಯಂತ್ರಗಳಿಗೆ ಡಿಸ್ಕ್ ಮಾಡಿ ಮಾರಿದವು. ನಿಮ್ಮಲ್ಲಿ ಹಲವರ ಸಂಬಳ ಬರುತ್ತಿರುವುದು ಆ ತೆರೆದ ಪುಸ್ತಕದಿಂದಲೇ, ಮರೆಯಬೇಡಿ.

ಐಬಿಎಂ ಮುಂದೆ ಏನು ಮಾಡಿತು ಎಂಬುದನ್ನೂ ನೋಡಿ. 1999ರ ಡಿಸೆಂಬರಿನಲ್ಲಿ ಜರ್ಮನಿಯ ಬೋಬ್ಲಿಂಗನ್ ಪ್ರಯೋಗಾಲಯದವರು ಎಸ್/390 ಯಂತ್ರದ ಮೇಲೆ ಲಿನಕ್ಸ್ ಓಡಿಸುವ ಕೋಡನ್ನು ಹೊರಗಿಟ್ಟರು. ಡಿಸ್ಕಿನ ಡ್ರೈವರ್ ಮೊದಲಿನಿಂದಲೂ ಸೋರ್ಸ್ ರೂಪದಲ್ಲೇ ಇತ್ತು. ನೆಟ್‌ವರ್ಕ್ ಅಡಾಪ್ಟರ್‌ನ ಡ್ರೈವರ್ ಮಾತ್ರ ಮೊದಲಿಗೆ ಓಸಿಓ; ಒಂದೊಂದು ಕರ್ನಲ್ ಆವೃತ್ತಿಗೂ ಅವರೇ ಬೈನರಿ ಕೊಡಬೇಕು, ಅವರು ಕೊಡುವ ತನಕ ಗ್ರಾಹಕರು ಕಾಯಬೇಕು. ಅದು ಬಹಳ ಕಾಲ ನಡೆಯಲಿಲ್ಲ. 2003ರ ಡಿಸೆಂಬರಿನಲ್ಲಿ ಲಿನಕ್ಸ್ 2.6 ಬಂದಾಗ ಆ ಡ್ರೈವರ್ ಎಲ್ಲರೂ ಓದಬಹುದಾದ ಸೋರ್ಸ್ ಆಗಿ ಕರ್ನಲ್‌ನ ಒಳಗೇ ಇತ್ತು. ಇದರಿಂದ ಯಾರ ವ್ಯಾಪಾರವೂ ಮುಳುಗಲಿಲ್ಲ.

ಆ ಬೋಬ್ಲಿಂಗನ್ ತಂಡದ ಮಾರ್ಟಿನ್ ಶ್ವಿಡೆಫ್‌ಸ್ಕಿಯವರ ಹೆಸರು ನಿಮಗೆ ಗೊತ್ತಿರುತ್ತದೆ. ಡ್ಯಾಸ್ಡಿ ಡ್ರೈವರ್‌ನ ತಲೆಬರಹದಲ್ಲಿ ಹೋಲ್ಗರ್ ಸ್ಮೋಲಿನ್ಸ್ಕಿ ಮುಂತಾದವರ ಜೊತೆ ಅವರ ಹೆಸರಿದೆ. ಮೇನ್‌ಫ್ರೇಮ್ ಲಿನಕ್ಸನ್ನು ವರ್ಷಾನುವರ್ಷ ಪೋಷಿಸಿದವರು. 2019ರಲ್ಲಿ ಅವರು ತೀರಿಕೊಂಡರು. ನಾನು ಅವರನ್ನು ಕಂಡವನಲ್ಲ, ಆದರೂ ಆ ಸುದ್ದಿ ಓದಿದ ದಿನ ಮನೆಯ ಹಿರಿಯರನ್ನು ಕಳೆದುಕೊಂಡ ಹಾಗಾಯಿತು. ಅವರು ಬರೆದದ್ದು ಅವರೊಂದಿಗೆ ಹೋಗಲಿಲ್ಲ. ಹೈಕೊ ಕಾರ್ಸ್ಟೆನ್ಸ್, ವಾಸಿಲಿ ಗೋರ್ಬಿಕ್ ಅದನ್ನು ಮುಂದುವರಿಸಿದರು. ವರ್ಚುವಲ್ ಟೇಪಿನ ಡ್ರೈವರ್ ಬರೆದ ಆ ಹೆಸರಿಲ್ಲದ ಎಂಜಿನಿಯರನ್ನೂ ನಾನು ಎಷ್ಟೋ ಸಲ ನೆನೆದಿದ್ದೇನೆ. ಅವರೂ ರಾತ್ರಿಗಟ್ಟಲೆ ಕೂತು ಬರೆದಿರಬೇಕು. ಅವರ ಕೆಲಸವನ್ನು ಎತ್ತಿಕೊಳ್ಳಲು ಯಾರಿಗೂ ದಾರಿ ಇರಲಿಲ್ಲ.

ಮಾಡಿದವರು ಹೋದ ಮೇಲೂ ಯಂತ್ರ ನಡೆಸಬೇಕಾದ ಅನುಭವ ನಮ್ಮ ದೇಶಕ್ಕೆ ಬೇಗನೆ ಆಗಿತ್ತು. ಫೆರಾ ಎಂಬ ವಿದೇಶಿ ವಿನಿಮಯ ಕಾನೂನಿನ ಷರತ್ತು ಒಪ್ಪದೆ 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಯಿತು. ದೇಶದ ಉದ್ದಗಲಕ್ಕೂ ಅದರ ಯಂತ್ರಗಳು ಉಳಿದವು. ಅವನ್ನು ನಡೆಸಿಕೊಂಡು ಹೋಗುವ ಹೊಣೆ ಆಗ ಸರ್ಕಾರಿ ಸಂಸ್ಥೆಯಾಗಿದ್ದ ಸಿಎಂಸಿಯದಾಯಿತು. ನಾನು ಕೆಲಸಕ್ಕೆ ಸೇರಿದಾಗ ನನಗೆ ಡಂಪ್ ಓದಲು ಕಲಿಸಿದ ಹಿರಿಯರೊಬ್ಬರು ಆ ಕಾಲದಲ್ಲಿ ಅಲ್ಲಿ ದುಡಿದವರು. ಯಂತ್ರದ ಜೊತೆಗೇ ಬರುತ್ತಿದ್ದ ಸರ್ಕ್ಯೂಟ್ ನಕ್ಷೆಗಳ ದಪ್ಪ ಸಂಪುಟಗಳನ್ನು ನೆಲದ ಮೇಲೆ ಹರಡಿಕೊಂಡು, ಬೆರಳಿಟ್ಟು ಗೆರೆ ಹಿಡಿದು ಹೋಗುತ್ತಿದ್ದೆವು ಎಂದು ಹೇಳುತ್ತಿದ್ದರು. "ಮಾಡಿದೋರು ಹೊರಟೋದ್ರು, ನಕ್ಷೆ ಇತ್ತಲ್ಲಪ್ಪ, ಅದಕ್ಕೇ ಬದುಕಿಕೊಂಡ್ವಿ," ಎಂಬುದು ಅವರ ಮಾತು. ಡ್ರೈವರ್‌ನ ಸೋರ್ಸ್ ಇಂದಿನ ಸಿಸ್ಟಮ್ಸ್ ಪ್ರೋಗ್ರಾಮರ್‌ಗೆ ಆ ನಕ್ಷೆ.

ಈಗ ನಿಮ್ಮಿಂದ ಆಗಬಹುದಾದದ್ದು. ನೀವು ಕಂಪನಿಯ ಮಾಲೀಕರಲ್ಲ, ಗೊತ್ತು. ಆದರೆ ಡ್ರೈವರ್‌ನ ಮೊದಲ ಸಾಲು ಬರೆಯುವ ಮುಂಚೆ ಒಂದು ಸಭೆ ಇರುತ್ತದೆ. ಲೈಸೆನ್ಸ್ ಯಾವುದು ಎಂಬ ಪ್ರಶ್ನೆಯನ್ನು ಅಲ್ಲಿಯೇ ಎತ್ತಿ. ಬೇರೆಯವರಿಂದ ಲೈಸೆನ್ಸ್ ಪಡೆದ ಮುಚ್ಚಿದ ಕೋಡನ್ನು ಡ್ರೈವರ್‌ಗೆ ಸೇರಿಸಬೇಡಿ. ಒಮ್ಮೆ ಸೇರಿತೆಂದರೆ ಮುಂದೆ ಮನಸ್ಸಿದ್ದರೂ ತೆರೆಯಲು ಆಗುವುದಿಲ್ಲ. ಸೋರ್ಸನ್ನು ನಿಮ್ಮಲ್ಲೇ ಇಟ್ಟುಕೊಂಡು ಕೇಳಿದವರಿಗೆ ಕೊಡುವುದಕ್ಕಿಂತ ಕರ್ನಲ್‌ನ ಮುಖ್ಯ ಮರಕ್ಕೇ ಕಳಿಸಿ. ಅಲ್ಲಿ ಸೇರಿದ ಮೇಲೆ ಒಳಗಿನ ಇಂಟರ್‌ಫೇಸ್ ಬದಲಿಸುವವರೇ ನಿಮ್ಮ ಡ್ರೈವರನ್ನೂ ಜೊತೆಗೆ ತಿದ್ದುತ್ತಾರೆ, ನಿಮ್ಮ ಹೊರೆಯೂ ಇಳಿಯುತ್ತದೆ. ಮೊದಲ ಸಲ ಕಳಿಸಿದಾಗ ವಿಮರ್ಶೆ ಕಟುವಾಗಿರಬಹುದು. ಎದೆಗುಂದಬೇಡಿ. ನಾಲ್ಕನೆಯ ಸಲ ಕಳಿಸುವ ಹೊತ್ತಿಗೆ ಕೋಡ್ ಮೊದಲಿಗಿಂತ ಎಷ್ಟೋ ಚೆನ್ನಾಗಿರುತ್ತದೆ.

ಬರೆಯಲು ಜನ ಇಲ್ಲ ಎನ್ನುವ ಮ್ಯಾನೇಜರ್‌ಗೆ ಒಂದು ಸಂಗತಿ ತಿಳಿಸಿ. 2007ರಲ್ಲೇ ಕರ್ನಲ್ ಡೆವಲಪರ್ ಗ್ರೆಗ್ ಕ್ರೋಹ್-ಹಾರ್ಟ್‌ಮನ್, ಯಂತ್ರದ ವಿವರ ಕೊಟ್ಟರೆ ಸಾಕು, ಡ್ರೈವರನ್ನು ಉಚಿತವಾಗಿ ಬರೆದುಕೊಡುತ್ತೇವೆ ಎಂದು ಕಂಪನಿಗಳನ್ನು ಬಹಿರಂಗವಾಗಿ ಕರೆದಿದ್ದರು. ಮರುವರ್ಷ ನೂರಕ್ಕೂ ಹೆಚ್ಚು ಕರ್ನಲ್ ಡೆವಲಪರುಗಳು, ಮುಚ್ಚಿದ ಮಾಡ್ಯೂಲುಗಳಿಂದ ಬಳಕೆದಾರರಿಗೂ ವ್ಯಾಪಾರಕ್ಕೂ ಹಾನಿ ಎಂಬ ಹೇಳಿಕೆಗೆ ಹೆಸರು ಹಾಕಿದರು. ನೀವು ಒಂಟಿಯಲ್ಲ.

ಸೋರ್ಸ್ ಕೊಡಲು ಕಂಪನಿ ಖಡಾಖಂಡಿತವಾಗಿ ಒಪ್ಪದಿದ್ದರೆ, ಕಮಾಂಡುಗಳ ಮತ್ತು ಸೆನ್ಸ್ ಕೋಡುಗಳ ಕೈಪಿಡಿಯನ್ನಾದರೂ ಬಹಿರಂಗಪಡಿಸಲು ಹೇಳಿ. ಅದಕ್ಕೂ ಒಪ್ಪದಿದ್ದರೆ, ಪೆಟ್ಟಿಗೆಯ ಸಪೋರ್ಟ್ ನಿಲ್ಲುವ ದಿನ ಡ್ರೈವರ್‌ನ ಸೋರ್ಸ್ ಗ್ರಾಹಕರಿಗೆ ಸೇರಬೇಕೆಂಬ ಒಂದು ಸಾಲು ಮಾರಾಟದ ಒಪ್ಪಂದದಲ್ಲಿ ಇರಲಿ. ಸೋರ್ಸನ್ನು ಮೂರನೆಯವರ ಬಳಿ ಠೇವಣಿ ಇಡುವ ಪದ್ಧತಿ ವ್ಯಾಪಾರದಲ್ಲಿ ಹೊಸದೇನಲ್ಲ. ನಿಮ್ಮ ಕಾನೂನು ವಿಭಾಗದವರಿಗೆ ಅದು ಗೊತ್ತೇ ಇರುತ್ತದೆ.

ಇಷ್ಟು ಕೇಳುವ ಸಲುಗೆಯನ್ನು ನನ್ನ ವಯಸ್ಸಿನಿಂದ ಪಡೆದುಕೊಂಡಿದ್ದೇನೆ. ಮಾತು ಎಲ್ಲಾದರೂ ಹೆಚ್ಚಾಗಿದ್ದರೆ ಮನ್ನಿಸಿ. ಮುಂದಿನ ಡಿಸೈನ್ ರಿವ್ಯೂನಲ್ಲಿ ಲೈಸೆನ್ಸಿನ ಕಾಲಂ ಖಾಲಿ ಕಂಡರೆ, ದಯವಿಟ್ಟು ಅದನ್ನು ತುಂಬಿಸದೆ ಸಭೆ ಮುಗಿಸಬೇಡಿ. ನನ್ನ ಕುರ್ಚಿಯಲ್ಲಿ ಈಗ ಬೇರೊಬ್ಬರು ರಾತ್ರಿ ಪಾಳಿಗೆ ಕೂತಿದ್ದಾರೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿಸ್ಟಮ್ಸ್ ಪ್ರೋಗ್ರಾಮರ್
ಬೆಂಗಳೂರು